ಪರಸ್ಥಳದ ಓದು

ಮಕ್ಕಳನ್ನು ಮನೆ ಬಿಡಿಸಿ ಓದಿಗೆ ಕಳುಹುವುದು ನಮ್ಮ ಸಗರನಾಡಿಗೆ ಹೊಸ ಮಾತಲ್ಲ. ಸುರಪುರ, ಶಹಾಪುರ, ಯಾದಗಿರಿಗಳು ನಿಜಾಮನ ಸೀಮೆಯಲ್ಲಿದ್ದಾಗ ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ ಆಗಿತ್ತು. ಕನ್ನಡದಲ್ಲಿ ಓದಬೇಕೆಂಬ ಹಂಬಲವುಳ್ಳ ಹುಡುಗನು ಬುತ್ತಿ ಕಟ್ಟಿಕೊಂಡು, ಕೃಷ್ಣೆಯನ್ನು ದಾಟಿ ಧಾರವಾಡಕ್ಕೋ ಭೀಮೆಯನ್ನು ದಾಟಿ ಸೊಲ್ಲಾಪುರಕ್ಕೋ ಹೋಗಬೇಕಾಗಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮದರ್ದ ಶಾಲೆಯನ್ನು ತೆರೆದ ಮೇಲೆ ಕೆಲವರಿಗಾದರೂ ಅಲ್ಲಿ ಆಸರೆ ದೊರೆಯಿತು. ಹೋದ ಊರಿನಲ್ಲಿ ಕೆಲವರು ವಾರಾನ್ನದ ಮನೆಗಳಲ್ಲಿ ಉಂಡರು. ಕೆಲವರು ಮಠದ ಪ್ರಸಾದನಿಲಯದಲ್ಲಿ ಕಂತಿಭಿಕ್ಷೆಯ ರೊಟ್ಟಿಯಿಂದ ಬೆಳೆದರು. ಅಂದಿನವರಿಗೆ ಆಯ್ಕೆಯೆಂಬ ತೊಡಕು ಇರಲಿಲ್ಲ. ಎಲ್ಲಿ ಅನ್ನ ಸಿಕ್ಕಿತೋ ಅಲ್ಲಿ ಅಕ್ಷರ ಕಲಿತರು.

ಇಂದು ಹಾಗಿಲ್ಲ. ದಿನಪತ್ರಿಕೆ ಬಿಚ್ಚಿದರೆ ವಸತಿಶಾಲೆಯ ಜಾಹೀರಾತು. ಸುರಪುರದ ಬಸ್‌ನಿಲ್ದಾಣದಲ್ಲಿ ಇಳಿದರೆ ೬೨೫ಕ್ಕೆ ೬೨೦ ಅಂಕ ಪಡೆದ ಮಕ್ಕಳ ಭಾವಚಿತ್ರಗಳುಳ್ಳ ಫಲಕ. ಹಣವುಳ್ಳವರಿಗೆ ಒಂದು ಬಗೆ, ಇಲ್ಲದವರಿಗೆ ಇನ್ನೊಂದು ಬಗೆ, ನಡುವಿನವರಿಗೆ ಹತ್ತು ಬಗೆ. ಆಯ್ದುಕೊಳ್ಳುವ ಭಾಗ್ಯ ಬಂದೊಡನೆ ಆಯ್ದುಕೊಳ್ಳುವ ವಿವೇಕವೂ ಬಂದೀತೆಂದು ತಿಳಿಯುವುದು ಸರಿಯಲ್ಲ. ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದು ನಾಲ್ಕು ತಿಂಗಳು ನಮ್ಮೆಲ್ಲರ ನಿದ್ದೆಯನ್ನು ಕೆಡಿಸಿತು. ಆಗ ಕಂಡದ್ದನ್ನು ಇಲ್ಲಿ ಬರೆದಿಟ್ಟರೆ ಮಕ್ಕಳುಳ್ಳ ವಾಚಕರಿಗೆ ಅಷ್ಟಿಷ್ಟು ಉಪಯೋಗವಾದೀತೆಂಬುದು ನನ್ನ ಆಸೆ.

ನಮ್ಮದು ಬೋನಾಳ. ಕೆರೆಯಿಂದಲೂ ಕೆರೆಯ ಹಕ್ಕಿಗಳಿಂದಲೂ ಹೆಸರಾದ ಊರು. ನಮ್ಮ ಅಣ್ಣನ ಮಗಳಿಗೆ ಆಗ ಹದಿಮೂರು ವರ್ಷ. ಎಂಟನೆಯ ತರಗತಿ ಮುಗಿಯುತ್ತ ಬಂದಿತ್ತು. ಓದಿನಲ್ಲಿ ಚುರುಕು, ಲೆಕ್ಕದಲ್ಲಿ ಸ್ವಲ್ಪ ಮಂದ, ಮಾತಿನಲ್ಲಿ ಬಹಳ ಮಿತ. ಇವಳನ್ನು ಹೊರಗೆ ಕಳುಹಿಸಿಯೇ ಓದಿಸಬೇಕೆಂದು ಅಣ್ಣ ಹಟ ಹಿಡಿದನು. ಆತನ ಹಟಕ್ಕೆ ಆಧಾರವಿಲ್ಲದೆ ಇರಲಿಲ್ಲ. ೨೦೧೧ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ೫೨ಕ್ಕಿಂತಲೂ ಕಡಿಮೆ. ಇಡೀ ರಾಜ್ಯದಲ್ಲಿ ಕಡೆಯ ಸ್ಥಾನ ನಮ್ಮದು. ೨೦೨೪ರ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದಲ್ಲಿಯೂ ನಾವೇ ಕಡೆಯವರು. ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅನುತ್ತೀರ್ಣರಾದರು. ಅದೇ ವರ್ಷ ಉಡುಪಿ ಮೊದಲು. ಈ ಎರಡು ಹೆಸರುಗಳನ್ನು ಒಂದೇ ಪುಟದಲ್ಲಿ ಮೇಲೆ ಕೆಳಗೆ ಓದಿದ ತಂದೆಗೆ ಮಗಳನ್ನು ಘಟ್ಟದ ಕೆಳಗೆ ಕಳುಹಬೇಕೆಂದು ತೋರಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಅತ್ತಿಗೆಯವರ ಅಳಲೇ ಬೇರೆ. ಹುಡುಗಿ ಊರಿನಲ್ಲಿ ಉಳಿದರೆ ಹತ್ತನೆಯ ತರಗತಿಯೊಳಗೆ ಯಾರಾದರೂ ನೆಂಟರು ಒಂದು ಸಂಬಂಧ ತಂದಾರು, ಒಪ್ಪದಿದ್ದರೆ ಮುನಿಸು, ಒಪ್ಪಿದರೆ ಅಪರಾಧ, ಎಂದು ಅವರಿಗೆ ಹೆದರಿಕೆ. ಹದಿನೆಂಟು ತುಂಬುವ ಮೊದಲು ಮದುವೆ ಮಾಡಬಾರದೆಂದು ಕಾನೂನು ಇದೆ. ಆದರೆ ಕಾನೂನು ಇರುವ ಊರಿನಲ್ಲಿಯೇ ಬೀಗರೂ ಇರುತ್ತಾರಷ್ಟೆ. ಅವರಿಗೆ ಮಗಳು ದೂರ ಇರುವುದು ಬೇಕು. ಕಣ್ಣಿಗೆ ಮರೆಯಾಗುವುದು ಬೇಡ. ಇನ್ನು ನಮ್ಮ ಆಯಿಯು, ಅಂದರೆ ನನ್ನ ತಾಯಿಯು, ಹೆಣ್ಣುಮಗುವನ್ನು ಪರರ ಮನೆಗೆ ಒಮ್ಮೆ ಕಳುಹುವುದಿದ್ದೇ ಇದೆ, ಎರಡು ಸಲ ಏತಕ್ಕೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು ಕುಳಿತಳು.

ಒಂದು ದಿನ ಅಣ್ಣನು ಕೆರೆಯ ಕಡೆಗೆ ಕೈ ತೋರಿಸಿ, “ಆ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಇಲ್ಲಿಗೆ ಬರುತ್ತಾವ. ನಮ್ಮ ಹುಡುಗಿ ಒಂದು ರಾತ್ರಿ ಬಸ್ಸಿನ್ಯಾಗ ಕೂತು ಮೂಡುಬಿದಿರೆಗೆ ಹೋಗಬಾರದೇನು?” ಎಂದನು. ಮಾತು ಚೆನ್ನಾಗಿತ್ತು. ಆದರೆ ಆ ಬಾತಿನ ಮರಿಗಳು ಮೊದಲ ವರ್ಷದ ಪಯಣವನ್ನು ತಾಯಿತಂದೆಗಳ ಜತೆಯಲ್ಲಿಯೇ ಮಾಡುತ್ತವೆಂದು ಪಕ್ಷಿಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ನಾನು ಅದನ್ನು ಹೇಳಿದಾಗ ಅಣ್ಣ ನಕ್ಕನೇ ಹೊರತು ಒಪ್ಪಲಿಲ್ಲ. ಕೊನೆಗೆ, ಶಾಲೆಗಳನ್ನು ನೋಡಿ ಬರುವ ಕೆಲಸವನ್ನು ಬಿಡುವುಳ್ಳವನೆಂಬ ಕಾರಣದಿಂದ ನನಗೆ ಒಪ್ಪಿಸಿದರು.

ಕೆಲಸಕ್ಕೆ ಕೈ ಹಾಕಿದ ಮೇಲೆ ಮೊದಲು ತಿಳಿದುಬಂದ ಸಂಗತಿಯೆಂದರೆ, ವಸತಿಶಾಲೆಯ ಬಾಗಿಲುಗಳು ಬಹುಮಟ್ಟಿಗೆ ಆರನೆಯ ತರಗತಿಯಲ್ಲಿಯೇ ತೆರೆದು ಅಲ್ಲಿಯೇ ಮುಚ್ಚಿಕೊಳ್ಳುತ್ತವೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಮೂಲಕ ದೇಶದಲ್ಲೆಲ್ಲ ಹರಡಿದ ಜವಾಹರ ನವೋದಯ ವಿದ್ಯಾಲಯವು ಹಾಗೆಯೇ. ನಮ್ಮ ಜಿಲ್ಲೆಯದು ಶಹಾಪುರ ತಾಲೂಕಿನ ಹೋತಪೇಟದಲ್ಲಿದೆ. ಅಲ್ಲಿ ನೂರಕ್ಕೆ ಎಪ್ಪತ್ತೈದು ಸ್ಥಾನಗಳಿಗೆ ಕಡಿಮೆಯಿಲ್ಲದಂತೆ ಹಳ್ಳಿಯ ಮಕ್ಕಳಿಗೆ, ಮೂರರಲ್ಲಿ ಒಂದು ಹೆಣ್ಣುಮಕ್ಕಳಿಗೆ. ರಾಜ್ಯ ಸರಕಾರದ ಮೊರಾರ್ಜಿ ದೇಸಾಯಿ ವಸತಿಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆ, ಇವುಗಳಲ್ಲಿ ಆರರಿಂದ ಹತ್ತರವರೆಗೆ ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಆದರೆ ಪ್ರವೇಶಪರೀಕ್ಷೆ ಐದನೆಯ ತರಗತಿಯ ಮಕ್ಕಳಿಗೆ. ಕಿತ್ತೂರಿನಲ್ಲಿ ೧೯೬೯ರಿಂದ ನಡೆದುಬಂದಿರುವ ಹೆಣ್ಣುಮಕ್ಕಳ ಸೈನಿಕ ಶಾಲೆಗೂ ಆರನೆಯ ತರಗತಿಯೇ ಹೆಬ್ಬಾಗಿಲು. ಆದುದರಿಂದ ನಾಲ್ಕನೆಯ ಐದನೆಯ ತರಗತಿಯ ಮಕ್ಕಳುಳ್ಳ ವಾಚಕರು ಈ ಲೇಖನವನ್ನು ಮುಗಿಸುವ ಮೊದಲೇ ಅರ್ಜಿಯ ದಿನಾಂಕವನ್ನು ವಿಚಾರಿಸುವುದು ಲೇಸು. ಮಗು ಹದಿಮೂರನ್ನು ಮುಟ್ಟಿದ ಮೇಲೆ ಎಚ್ಚರಗೊಂಡವರಿಗೆ ದಾರಿಗಳು ಕೆಲವೇ.

ಆ ಕೆಲವು ಯಾವುವು? ನವೋದಯದಲ್ಲಿ ಖಾಲಿ ಬಿದ್ದ ಸ್ಥಾನಗಳಿಗೆ ಒಂಬತ್ತನೆಯ ತರಗತಿಗೆ ಮತ್ತೊಂದು ಪರೀಕ್ಷೆಯುಂಟು. ಸ್ಥಾನಗಳು ಬೆರಳಿನಿಂದ ಎಣಿಸುವಷ್ಟು. ಅಲ್ಲಿ ಎಂಟನೆಯ ತರಗತಿಯವರೆಗೆ ಪ್ರದೇಶದ ಭಾಷೆಯಲ್ಲಿ ಪಾಠವಾಗಿ, ಮುಂದೆ ಗಣಿತ ವಿಜ್ಞಾನಗಳು ಇಂಗ್ಲಿಷಿಗೆ ತಿರುಗುತ್ತವೆ. ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ ಮೂವತ್ತರಷ್ಟು ಮಂದಿಯನ್ನು ಒಂದು ವರ್ಷ ಹಿಂದಿಯ ಸೀಮೆಗೆ ಕಳುಹುವ ಪದ್ಧತಿಯೂ ಇದೆ. ದೇಶವನ್ನು ತಿಳಿಯುವುದಕ್ಕೆ ಅದು ಒಳ್ಳೆಯ ಉಪಾಯವೇ ಸರಿ. ನಮ್ಮ ಹುಡುಗಿ ಆ ಪರೀಕ್ಷೆಯನ್ನು ಬರೆದಳು, ಸ್ಥಾನ ದೊರೆಯಲಿಲ್ಲ. ಎರಡನೆಯ ದಾರಿ, ಹಣ ಕೊಟ್ಟು ಸೇರಿಸುವ ಖಾಸಗಿ ವಸತಿಶಾಲೆ. ಮೂರನೆಯದು, ಮಠಗಳೋ ಧರ್ಮಸಂಸ್ಥೆಗಳೋ ನಡೆಸುವ ಶಾಲೆ. ಇಲ್ಲವೆ ತಾಲೂಕಿನ ಊರಿನಲ್ಲಿ ಸರಕಾರದ ವಿದ್ಯಾರ್ಥಿನಿಲಯದಲ್ಲಿದ್ದು ಪ್ರೌಢಶಾಲೆಗೆ ಹೋಗುವುದು.

ನಾನು ಮೂರು ಶಾಲೆಗಳನ್ನು ನೋಡಿದೆ. ಅವುಗಳ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಹೊರಡುವ ಮುನ್ನ ಕೇಳಬೇಕಾದುದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ: ಶುಲ್ಕವೆಷ್ಟು, ಫಲಿತಾಂಶವೆಷ್ಟು, ಪ್ರಯೋಗಾಲಯವಿದೆಯೆ, ಆಟದ ಬಯಲಿದೆಯೆ, ಊಟದಲ್ಲಿ ಜೋಳದ ರೊಟ್ಟಿ ಸಿಕ್ಕುವುದೆ. ಹುಡುಗಿಯೂ ಜತೆಯಲ್ಲಿ ಬರಲೆಂದು ನಾನೇ ಹಟ ಹಿಡಿದೆ. ಮದುವೆಗೆ ಹೆಣ್ಣಿನ ಒಪ್ಪಿಗೆ ಬೇಕೆನ್ನುವ ಕಾಲದಲ್ಲಿ ಶಾಲೆಗೆ ಬೇಡವೆ? ಹಾಳೆಯನ್ನು ಅವಳಿಗೆ ತೋರಿಸಿ, ನೀನು ಕೇಳಬೇಕಾದುದು ಏನಾದರೂ ಇದೆಯೆ ಎಂದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ರಾತ್ರಿ ಹೊಟ್ಟಿ ಕಡದ್ರ ಅಲ್ಲಿ ಯಾರನ್ನ ಎಬ್ಬಸಬೇಕು, ಕಾಕಾ?” ಎಂದಳು.

ಅಣ್ಣನು ಅದನ್ನು ಮಗುವಿನ ಮಾತೆಂದು ತಿಳಿದನು. ಅತ್ತಿಗೆಯವರು ಹಾಗೆ ತಿಳಿಯಲಿಲ್ಲ. ಮೈನೆರೆಯುವ ವಯಸ್ಸಿನ ಹುಡುಗಿಯ ಬಾಯಲ್ಲಿ ಆ ಪ್ರಶ್ನೆಗೆ ಎಷ್ಟು ಅರ್ಥಗಳಿವೆಯೆಂಬುದು ತಾಯಿಗೆ ಗೊತ್ತು. ನಾನು ಅದನ್ನು ಹಾಳೆಯ ಕೊನೆಯಲ್ಲಿ ಬರೆದುಕೊಂಡೆ. ತಿರುಗಾಟ ಮುಗಿಯುವ ವೇಳೆಗೆ ಹಾಳೆಯಲ್ಲಿ ಉಳಿದದ್ದು ಅದೊಂದೇ ಪ್ರಶ್ನೆ.

ಮೊದಲನೆಯ ಶಾಲೆ ಒಂದು ದೊಡ್ಡ ಪಟ್ಟಣದ್ದು. ಕಟ್ಟಡ ಅರಮನೆಯಂತಿತ್ತು, ಒಂದು ವರ್ಷದ ಶುಲ್ಕ ಅಣ್ಣನ ಎರಡು ಬೆಳೆಯ ಭತ್ತವನ್ನು ನುಂಗುವಂತಿತ್ತು. ವ್ಯವಸ್ಥಾಪಕರು ಬಹು ವಿನಯದಿಂದ ಎಲ್ಲವನ್ನೂ ತೋರಿಸಿದರು. ಹುಡುಗಿಯ ಪ್ರಶ್ನೆಯನ್ನು ನಾನು ಮುಂದಿಟ್ಟಾಗ, ಪ್ರತಿಯೊಂದು ಮೊಗಸಾಲೆಯಲ್ಲಿಯೂ ಕ್ಯಾಮರಾ ಇದೆ, ಇಪ್ಪತ್ತನಾಲ್ಕು ಗಂಟೆಯೂ ನೋಡುತ್ತಿರುತ್ತದೆ, ಚಿಂತೆ ಬೇಡ ಎಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಹುಡುಗಿ, “ಕ್ಯಾಮರಾನ ಎಬ್ಬಸಾಕ ಬರೂದಿಲ್ಲಲ್ಲ, ಕಾಕಾ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ಶಾಲೆಯ ಮೇಲ್ವಿಚಾರಕಿಯರು ಪ್ರೀತಿಯ ಹೆಂಗಸು. ಹುಡುಗಿಯ ತಲೆ ಸವರಿ ಮಾತನಾಡಿಸಿದರು. ಆದರೆ ಅವರ ಮನೆ ಬಯಲಿನ ಆಚೆಯ ಮೂಲೆಯಲ್ಲಿ. ರಾತ್ರಿ ಒಂಬತ್ತಕ್ಕೆ ವಸತಿಗೃಹಕ್ಕೆ ಹೊರಗಿನಿಂದ ಬೀಗ. ಬೀಗದ ಕೈ ಕಾವಲುಗಾರನ ಹತ್ತಿರ. ಬೆಂಕಿ ಬಿದ್ದರೆ ಏನು ಗತಿ ಎಂದು ಕೇಳಿದೆ. ಇಷ್ಟು ವರ್ಷಗಳಲ್ಲಿ ಬಿದ್ದಿಲ್ಲ ಎಂದರು. ಅದು ದೈವದ ಗುಣವೇ ಹೊರತು ಶಾಲೆಯ ಗುಣವಲ್ಲ.

ಮೂರನೆಯದು ನಮ್ಮ ಜಿಲ್ಲೆಯೊಳಗಿನದೇ. ಒಂದು ಧರ್ಮಸಂಸ್ಥೆ ನಡೆಸುವ ಹೆಣ್ಣುಮಕ್ಕಳ ಸಣ್ಣ ಶಾಲೆ. ಗೋಡೆಗೆ ಸುಣ್ಣವಾಗಿ ವರ್ಷಗಳಾಗಿದ್ದವು. ವಿಜ್ಞಾನದ ಕೋಣೆಯಲ್ಲಿ ಒಂದೇ ಸೂಕ್ಷ್ಮದರ್ಶಕ. ಅದನ್ನು ನೋಡಲು ಮಕ್ಕಳು ಸಾಲುಗಟ್ಟಬೇಕು. ಫಲಿತಾಂಶ ಮಧ್ಯಮ. ಅಲ್ಲಿಯ ಮೇಲ್ವಿಚಾರಕಿ ನನ್ನ ಪ್ರಶ್ನೆಗೆ ತಾನು ಉತ್ತರ ಹೇಳಲಿಲ್ಲ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಒಬ್ಬ ಹುಡುಗಿಯನ್ನು ಕರೆದು ಅವಳನ್ನೇ ಕೇಳಿದರು. ಆ ಹುಡುಗಿ ಅಂಜದೆ, “ಮೊದಲ ನಮ್ಮ ಕೋಣ್ಯಾಗಿನ ಅಕ್ಕನ್ನ ಎಬ್ಬಸ್ತೀವಿ. ಅಕ್ಕ ಮೇಡಮ್ಮೋರನ್ನ ಎಬ್ಬಸ್ತಾಳ. ಮೇಡಮ್ಮೋರು ಬಾಗಲ ಮಗ್ಗಲಕ್ಕ ಮಲಗ್ತಾರ” ಎಂದಳು. ಪ್ರತಿಯೊಂದು ಕೋಣೆಗೂ ಹತ್ತನೆಯ ತರಗತಿಯ ಒಬ್ಬಳು ಅಕ್ಕ. ಮೇಲ್ವಿಚಾರಕಿ ಹನ್ನೊಂದು ವರ್ಷಗಳಿಂದ ಅಲ್ಲಿಯೇ ಇದ್ದವರು. ನಮ್ಮ ಹುಡುಗಿ ಆ ಬಟ್ಟೆಯ ಹುಡುಗಿಯ ಜತೆ ಕೋಣೆ ನೋಡಲು ಹೋದವಳು ಅರ್ಧ ಗಂಟೆಯಾದರೂ ಹಿಂದಿರುಗಿ ಬರಲಿಲ್ಲ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು: ಶಾಲೆಯೆಂದರೆ ವಿದ್ಯೆ, ವಿದ್ಯೆಯನ್ನು ಬಿಟ್ಟು ನಿದ್ದೆಯ ವಿಚಾರವೇಕೆ? ಆಕ್ಷೇಪ ನ್ಯಾಯವಾದುದೇ. ಆದರೆ ಹಗಲಿನ ಶಾಲೆಗೂ ವಸತಿಶಾಲೆಗೂ ಇರುವ ವ್ಯತ್ಯಾಸವಾದರೂ ಏನು? ಪಾಠ ಎರಡರಲ್ಲಿಯೂ ಇದೆ, ಪರೀಕ್ಷೆಯೂ ಇದೆ. ವಸತಿಶಾಲೆ ನಮ್ಮಿಂದ ಹೆಚ್ಚಾಗಿ ಪಡೆಯುವುದು ಸಂಜೆಯ ಗಂಟೆ ಹೊಡೆದಾಗಿನಿಂದ ಮರುದಿನದ ಪ್ರಾರ್ಥನೆಯವರೆಗಿನ ಹೊತ್ತನ್ನು. ಆ ಹೊತ್ತಿನಲ್ಲಿ ಮನೆ ಏನು ಮಾಡುತ್ತದೆಯೋ ಅದನ್ನು ಮಾಡಲು ಅಲ್ಲಿ ಯಾರಿದ್ದಾರೆ ಎಂಬುದನ್ನು ಕೇಳದೆ ಮಗುವನ್ನು ಬಿಟ್ಟುಬರುವುದೆಂದರೆ ಅಂಗಡಿಯವನಿಂದ ತಕ್ಕಡಿಯನ್ನು ನೋಡದೆ ಸಾಮಾನು ಕೊಂಡಂತೆ.

ವಾರಾನ್ನದ ಪದ್ಧತಿಯಲ್ಲಿ ಅವಮಾನವೂ ಹಸಿವೂ ಇದ್ದವು; ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೂ ಒಂದು ಗುಣ ಅದರಲ್ಲಿತ್ತು. ಸೋಮವಾರದ ಮನೆಯ ತಾಯಿ, ಹುಡುಗನು ಎರಡು ರೊಟ್ಟಿ ತಿನ್ನುವವನು ಒಂದಕ್ಕೇ ಎದ್ದರೆ, “ಯಾಕಪ್ಪಾ, ಮೈ ಬೆಚ್ಚಗ ಅದ ಏನು?” ಎಂದು ಕೇಳುತ್ತಿದ್ದಳು. ಧಾರವಾಡದಲ್ಲಿ ಹಾಗೆ ಓದಿದ ನಮ್ಮ ಮುತ್ಯಾ ತನಗೆ ಪಾಠ ಹೇಳಿದ ಮಾಸ್ತರರ ಹೆಸರುಗಳನ್ನು ಮುಪ್ಪಿನಲ್ಲಿ ಮರೆತಿದ್ದನು. ಏಳು ಮನೆಗಳ ತಾಯಂದಿರ ಹೆಸರನ್ನು ಮರೆತಿರಲಿಲ್ಲ. ಉಂಡನೇ ಇಲ್ಲವೇ ಎಂದು ನೋಡುವ ಏಳು ಜೊತೆ ಕಣ್ಣುಗಳು ಅವನಿಗೆ ಪರಸ್ಥಳದಲ್ಲಿ ಇದ್ದವು. ಐದುನೂರು ತಟ್ಟೆಗಳ ಸಾಲಿನಲ್ಲಿ ಒಂದು ತಟ್ಟೆ ಖಾಲಿಯಾಗದೆ ಉಳಿದರೆ ಅದನ್ನು ಕಾಣುವವರು ಯಾರು?

ನಮ್ಮ ಸುರಪುರದ ಇತಿಹಾಸದಲ್ಲಿಯೂ ಇದಕ್ಕೆ ಒಂದು ನಿದರ್ಶನವುಂಟು. ೧೮೪೧ರಲ್ಲಿ ಮೆಡೋಸ್ ಟೇಲರನು ಸಂಸ್ಥಾನದ ಮೇಲ್ವಿಚಾರಣೆಗೆಂದು ಬಂದನು. ನಾಯಕ ಅರಸರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ನಮ್ಮ ಬೋನಾಳದ ಕೆರೆಯನ್ನು ಮುಂದೆ ದುರಸ್ತಿ ಮಾಡಿಸಿದವನೂ ಅವನೇ. ತಂದೆಯನ್ನು ಕಳೆದುಕೊಂಡ ಬಾಲಕ ರಾಜಾ ವೆಂಕಟಪ್ಪ ನಾಯಕರು ಅವನ ಪೋಷಣೆಯಲ್ಲಿ ಬೆಳೆದರು. ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದರೆಂದು ಟೇಲರನ ಆತ್ಮಕಥೆಯಿಂದ ತಿಳಿಯುತ್ತದೆ. ೧೮೫೩ರಲ್ಲಿ ರಾಜರ ಕೈಗೆ ಅಧಿಕಾರ ಬಂತು. ಟೇಲರನು ಸುರಪುರವನ್ನು ಬಿಟ್ಟನು. ೧೮೫೮ರಲ್ಲಿ ರಾಜರು ಆಂಗ್ಲರ ವಿರುದ್ಧ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದಾಗ ಆ ಹಳೆಯ ಪೋಷಕನು ಅವರನ್ನು ಸೆರೆಮನೆಯಲ್ಲಿ ಕಂಡನು. ಅದೇ ವರ್ಷ ರಾಜರು ತೀರಿಕೊಂಡರು. ರಾಜಕಾರಣದ ಲೆಕ್ಕವನ್ನು ಇತಿಹಾಸಕಾರರಿಗೆ ಬಿಡೋಣ. ನನಗೆ ಕಾಣುವುದು ಇಷ್ಟೆ: ತಂದೆಯಿಲ್ಲದ ಮಗು ‘ಅಪ್ಪ’ ಎಂದು ಕರೆಯಲು ಒಬ್ಬರನ್ನು ಹುಡುಕಿಕೊಳ್ಳುತ್ತದೆ, ಆ ಒಬ್ಬರೋ ಸರಕಾರದ ಅಪ್ಪಣೆಯಿಂದ ಬಂದು ಸರಕಾರದ ಅಪ್ಪಣೆಯಿಂದ ಹೋಗುವವರು. ಅಲ್ಲಿಂದ ಮುಂದೆ ನಾನು ಪ್ರತಿಯೊಂದು ಶಾಲೆಯಲ್ಲಿಯೂ ಶಿಕ್ಷಕರ ಪದವಿಗಳನ್ನು ಕೇಳುವ ಮೊದಲು, ಅವರು ಎಷ್ಟು ವರ್ಷಗಳಿಂದ ಇಲ್ಲಿದ್ದಾರೆಂದು ಕೇಳತೊಡಗಿದೆ.

ಬೇರೆ ಕೆಲವು ಪರೀಕ್ಷೆಗಳನ್ನೂ ಚಿಕ್ಕದಾಗಿ ಹೇಳುತ್ತೇನೆ. ಫಲಕದ ಮೇಲೆ ಚಿತ್ರವಿರುವ ಮಗುವಿನ ವಿಚಾರ ಬೇಡ. ಒಂಬತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದ ಮಗು ಹತ್ತಕ್ಕೆ ಅಲ್ಲಿಯೇ ಉಳಿಯಿತೆ, ಅಥವಾ ಶಾಲೆಯ ನೂರಕ್ಕೆ ನೂರನ್ನು ಕಾಪಾಡಲು ವರ್ಗಾವಣೆಯ ಪತ್ರ ಹಿಡಿದು ಮನೆಗೆ ಬಂತೆ ಎಂದು ಕೇಳಬೇಕು. ಕಚೇರಿಯನ್ನು ನೋಡಿದ ಮೇಲೆ ಶೌಚಾಲಯವನ್ನು ನೋಡಬೇಕು. ನೀರಿದೆಯೆ, ಒಳಗಿನ ಚಿಲಕ ಬೀಳುತ್ತದೆಯೆ. ಮನೆಗೆ ಫೋನು ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತು ಕೇಳುತ್ತಾರೆಯೆ. ಸಂಕಟದಲ್ಲಿರುವ ಮಕ್ಕಳಿಗಾಗಿ ಸರಕಾರವಿಟ್ಟಿರುವ ೧೦೯೮ ಎಂಬ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವ ಗೋಡೆಯ ಮೇಲಿದೆಯೆ. ಮಕ್ಕಳ ಮೇಲಿನ ದೌರ್ಜನ್ಯವನ್ನು ತಡೆಯುವ ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ, ಅಂತಹ ಅಪರಾಧ ತಿಳಿದೂ ಮುಚ್ಚಿಡುವುದು ತಾನೇ ಒಂದು ಅಪರಾಧ. ಇದನ್ನು ಅಡುಗೆಯವರೂ ಬಲ್ಲರೆ. ಇದನ್ನೆಲ್ಲ ಕೇಳಿದರೆ ಶಾಲೆಯವರು ಬೇಸರಪಟ್ಟಾರೆಂದು ನಮ್ಮವರು ಸಂಕೋಚಪಡುತ್ತಾರೆ. ಒಳ್ಳೆಯ ಶಾಲೆಯವರು ಬೇಸರಪಡುವುದಿಲ್ಲ. ಪಟ್ಟವರ ಬೇಸರವೇ ನಮಗೆ ಉತ್ತರ.

ಭಾಷೆಯ ಮಾತನ್ನೂ ಮರೆಯಲಾಗದು. ‘ಬಂದಾಳ, ಹೋಗ್ಯಾಳ’ ಎನ್ನುವ ನಮ್ಮ ಮಕ್ಕಳು ದೂರದ ಶಾಲೆಯಲ್ಲಿ ಮೊದಲು ನಗೆಗೆ ಈಡಾಗುತ್ತಾರೆ. ಆಮೇಲೆ ಮಾತನ್ನು ಬದಲಿಸುತ್ತಾರೆ. ರಜೆಗೆ ಬಂದಾಗ ಆಯಿಯ ಮಾತಿಗೆ ತಾವೇ ನಗುತ್ತಾರೆ. ಇಂಗ್ಲಿಷು ಬೇಕು, ಬೇಡವೆನ್ನುವವನು ಮಗುವಿನ ಶತ್ರು. ಆದರೆ ಹದಿಮೂರರಲ್ಲಿ ಮನೆ, ಊಟ, ಗೆಳತಿಯರು, ಬೋಧನಭಾಷೆ ಈ ನಾಲ್ಕನ್ನೂ ಒಂದೇ ಜೂನ್ ತಿಂಗಳಲ್ಲಿ ಕಿತ್ತುಕೊಂಡರೆ ಬೇರಿಗೆ ಹಿಡಿಯಲು ಮಣ್ಣು ಎಲ್ಲಿ ಉಳಿಯಿತು? ಸಸಿ ಕೀಳುವ ರೈತನೂ ಬೇರಿನ ಸುತ್ತ ಒಂದು ಹಿಡಿ ಹಳೆಯ ಮಣ್ಣನ್ನು ಬಿಡುತ್ತಾನೆ.

ನಾನು ನೋಡಿ ಬಂದುದನ್ನೆಲ್ಲ ಮನೆಯಲ್ಲಿ ಹೇಳಿದೆ. ಅಣ್ಣನು ಸುಲಭವಾಗಿ ಒಪ್ಪಲಿಲ್ಲ. “ಒಂದು ಸೂಕ್ಷ್ಮದರ್ಶಕದ ಶಾಲೆಯಲ್ಲಿ ಓದಿ ಡಾಕ್ಟರಾಗಲು ಸಾಧ್ಯವೆ?” ಎಂದು ಕೇಳಿದನು. ಅವನ ಪ್ರಶ್ನೆಯನ್ನು ನಾನು ಹಗುರಾಗಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ದೊಡ್ಡ ಶಾಲೆ ಕೊಡುವುದನ್ನು ಸಣ್ಣ ಶಾಲೆ ಕೊಡಲಾರದು. ಅದರ ಬೆಲೆಯನ್ನು ಹುಡುಗಿ ಮುಂದೆ ತೆರಬೇಕಾದೀತು. ಆದರೆ ನೋವನ್ನು ಹೇಳಿಕೊಳ್ಳಲು ಯಾರೂ ಇಲ್ಲದ ಮಗು ಮೊದಲು ಮಾತನ್ನು ಬಿಡುತ್ತದೆ, ಆಮೇಲೆ ಊಟವನ್ನು, ಕಡೆಗೆ ಓದನ್ನು. ಕೊನೆಗೆ ನಿರ್ಧಾರವಾದುದು ಅತ್ತಿಗೆಯವರ ಮಾತಿನಿಂದ: “ಲೆಕ್ಕ ಎಲ್ಲಿಯಾದರೂ ಕಲೀತಾಳ. ರಾತ್ರಿ ಎಬ್ಬಸಾಕ ಯಾರರ ಇರ್ಲಿ.” ಮೂರನೆಯ ಶಾಲೆಗೆ ಸೇರಿಸಿದೆವು. ಉಳಿದ ಹಣವನ್ನು ಅಣ್ಣನು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟಿದ್ದಾನೆ, ಮದುವೆಗಲ್ಲ, ಪಿ.ಯು.ಸಿ.ಗೆ ಎಂದು ಬಂದ ನೆಂಟರಿಗೆಲ್ಲ ತಾನಾಗಿಯೇ ಹೇಳುತ್ತಾನೆ. ಸಂಬಂಧದ ಮಾತು ಎತ್ತುವವರು ಅದರಿಂದ ಕಡಿಮೆಯಾಗಿದ್ದಾರೆ.

ಎಳ್ಳಮಾವಾಸ್ಯೆಗೆ ಅವಳು ಮನೆಗೆ ಬಂದಿದ್ದಳು. ಚರಗ ಚೆಲ್ಲಿ, ಹೊಲದಲ್ಲಿ ಸಜ್ಜೆಯ ರೊಟ್ಟಿ ತಿನ್ನುವಾಗ ಶಾಲೆಯ ಸುದ್ದಿಯನ್ನೆಲ್ಲ ಹೇಳಿದಳು. ಆರನೆಯ ತರಗತಿಯ ಒಬ್ಬಳು ಸಣ್ಣ ಹುಡುಗಿ, ಕೋಣೆಯ ಅಕ್ಕನಿಗೆ ಜ್ವರ ಬಂದ ರಾತ್ರಿ, ಇವಳನ್ನು ಎಬ್ಬಿಸಿದಳಂತೆ. ಇವಳು ಹೋಗಿ ಮೇಲ್ವಿಚಾರಕಿಯನ್ನು ಎಬ್ಬಿಸಿದಳಂತೆ. ಇದನ್ನು ಅವಳು ದೊಡ್ಡ ವಿಷಯವೆಂದು ಹೇಳಲಿಲ್ಲ. ರೊಟ್ಟಿಗೆ ಇನ್ನಷ್ಟು ಹಿಂಡಿಪಲ್ಯ ಹಾಕೆಂದು ಆಯಿಗೆ ತಟ್ಟೆ ಚಾಚುತ್ತ ಹೇಳಿದಳು. ಲೆಕ್ಕದಲ್ಲಿ ಅಂಕ ಇನ್ನೂ ಏರಿಲ್ಲ. ಅಣ್ಣನು ಆಗಲೇ, ಹತ್ತು ಮುಗಿದ ಮೇಲೆ ಮೂಡುಬಿದಿರೆಯೋ ಕಲಬುರಗಿಯೋ ಎಂದು ಆರಂಭಿಸಿದ್ದನು. ಈ ಸಲ ಹುಡುಗಿಯೇ ಹೇಳಿದಳು: “ಮೊದಲ ಹೋಗಿ ನೋಡೋಣ, ಅಪ್ಪಾ. ನಾನು ಒಂದು ಹಾಳಿ ಬರಕೊಂಡು ಬರ್ತೀನಿ.”